ಹಿತ್ತಲ ಒಲೆ ಆರಿತೇ?

ಕುಂದಗೋಳದ ಸುತ್ತಲಿನ ಅನೇಕ ಮನೆಗಳಂತೆ ನಮ್ಮ ಹಿತ್ತಲಲ್ಲೂ ಸ್ನಾನದ ನೀರು ಕಾಯುವುದು ಹತ್ತಿಕಟ್ಟಿಗೆಯ ಉರಿಯಲ್ಲೇ. ಒಣಗಿದ ಕಟ್ಟಿಗೆ ಬೇಗ ಹೊತ್ತುತ್ತದೆ, ಕಿಡಿ ಹಾರುತ್ತದೆ. ಗಾಳಿಗೆ ಒಂದು ಕಿಡಿ ಬಣವಿಗೆ ಬಿದ್ದರೆ ದನಗಳ ವರ್ಷದ ಮೇವು ಹೋಯಿತು. ಆದ್ದರಿಂದ ಒಲೆ ಬಣವಿಯಿಂದ ದೂರವಿರಲಿ.

ಉರಿ ಹೆಚ್ಚಿಸಲು ಪೆಟ್ರೋಲ್ ಸುರಿಯಲೇಬಾರದು. ಅದರ ಆವಿಯೇ ಹೊತ್ತಿಕೊಂಡು ಉರಿ ಕೈಗೆ ಬರುತ್ತದೆ. ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ಬಟ್ಟೆ ತೊಟ್ಟು, ದುಪಟ್ಟಾ, ಸೆರಗು ಬಿಗಿದುಕೊಂಡು ಕೂರೋಣ.

ಬೂದಿಯ ಅಡಿಯಲ್ಲಿ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿದ ಮೇಲೆಯೇ ತಿಪ್ಪೆಗೆ ಚೆಲ್ಲಬೇಕು.

ಮೈ ಸುಟ್ಟರೆ ಟೂತ್‌ಪೇಸ್ಟ್ ಬೇಡ. 20 ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗಿ. ಬೆಂಕಿ ಕೈಮೀರಿದರೆ 112ಕ್ಕೆ ಕರೆ ಮಾಡಿ.