ಚಿತ್ರಕ್ಕೆ ಧ್ವನಿಯನ್ನು ಹೆಣೆಯುವ ಕಾಯಕ

ನಮ್ಮ ಮನೆತನದ ಹಿರಿಯ ಸೋದರತ್ತೆಯವರು ತಮ್ಮ ಬಾಲ್ಯವನ್ನು ಕುರಿತು ಹನ್ನೆರಡು ನಿಮಿಷ ಮಾತನಾಡಿದ್ದನ್ನು ಮನೆಯ ಹುಡುಗನೊಬ್ಬನು ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದನು. ಅದಕ್ಕೆ ಶಹನಾಯಿ ವಾದನವನ್ನು ಜೋಡಿಸಿ, ಬಂಧುಗಳೆಲ್ಲ ಕೂಡಿದ ದಿನ ಟಿ.ವಿ.ಯಲ್ಲಿ ತೋರಿಸಿದನು. ಚಿತ್ರವೇನೋ ಸೊಗಸಾಗಿತ್ತು. ಅತ್ತೆಯವರು ಮಾತ್ರ ಮುಂದಕ್ಕೆ ಬಾಗಿ, "ಇದರಾಗ ನಾ ಏನ್ ಹೇಳಾಕತ್ತೀನೋ ತಮ್ಮಾ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಮರುವರ್ಷ ಅವರು ಲಿಂಗೈಕ್ಯರಾದರು. ಆಮೇಲೆ ಅದನ್ನು ನೋಡುವಾಗ ಯಾರಿಗೂ ನಗು ಬರಲಿಲ್ಲ.

ಬೇಡದ ಸದ್ದಿನೊಡನೆ ಮಾತಿನ ಈ ಹೋರಾಟ ಹೊಸದಲ್ಲ. ಭಾರತದ ಮೊದಲ ವಾಕ್ಚಿತ್ರವಾದ 'ಆಲಂ ಆರಾ'ವನ್ನು ಅರ್ದೇಶಿರ್ ಇರಾನಿಯವರು ಮುಂಬಯಿಯಲ್ಲಿ ತಯಾರಿಸಿ 1931ರಲ್ಲಿ ತೆರೆಗೆ ತಂದರು. ಸ್ಟುಡಿಯೊದ ಬಳಿಯಲ್ಲೇ ರೈಲುಹಳಿಗಳಿದ್ದವು. ಗೋಡೆಗಳಿಗೆ ಸದ್ದು ತಡೆಯುವ ಶಕ್ತಿಯಿರಲಿಲ್ಲ. ಆದಕಾರಣ ರೈಲುಗಳ ಓಡಾಟ ನಿಂತ ನಡುರಾತ್ರಿಯ ಅನಂತರ, ಮೈಕುಗಳನ್ನು ಕ್ಯಾಮೆರಾಕ್ಕೆ ಕಾಣದಂತೆ ಕಲಾವಿದರ ಸುತ್ತ ಅಡಗಿಸಿ, ಬಹುಪಾಲು ಚಿತ್ರೀಕರಣವನ್ನು ನಡೆಸಿದರು. ಅಂದು ಮಾತಿನೊಡನೆ ಬೆರೆತ ಸದ್ದನ್ನು ಮತ್ತೆ ಬಿಡಿಸುವ ಉಪಾಯವಿರಲಿಲ್ಲ.

ಇಂದು ಕಂಪ್ಯೂಟರಿನಲ್ಲಿ ಮಾತು, ಸಂಗೀತ, ಇತರ ಸದ್ದುಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಇರಿಸಿಕೊಳ್ಳಬಹುದು. ಮೊದಲನೆಯ ಕೆಲಸ ಸಂಕಲನ. ಕೆಮ್ಮು, ತಡವರಿಕೆಗಳನ್ನು ಕತ್ತರಿಸುವುದು ಸುಲಭ. ಕತ್ತರಿಸಿದ ಜಾಗವನ್ನು ತುಂಬುವುದೇ ಕಷ್ಟ. ಏಕೆಂದರೆ ಪ್ರತಿಯೊಂದು ಕೋಣೆಗೂ ಅದರದೇ ಆದ ಮೌನವಿದೆ. ಫ್ಯಾನಿನ ತಿರುಗು, ಬೀದಿಯ ಗುಂಗು, ಗೋಡೆಗಳ ಮಾರ್ದನಿ ಇವೆಲ್ಲ ಸೇರಿ ಆ ಮೌನವಾಗಿರುತ್ತದೆ. ನಡುವೆ ಏನೂ ಇಲ್ಲದ ಶೂನ್ಯವನ್ನು ಇಟ್ಟರೆ ಕಿವಿ ಥಟ್ಟನೆ ಬೆಚ್ಚುತ್ತದೆ. ಅನುಭವಸ್ಥರು ಮಾತು ಮುಗಿದ ಬಳಿಕ ಎಲ್ಲರನ್ನೂ ಸುಮ್ಮನಿರಿಸಿ, ಅರ್ಧ ನಿಮಿಷ ಆ ಬರಿಯ ಕೋಣೆಯನ್ನೇ ಧ್ವನಿಮುದ್ರಿಸಿಕೊಳ್ಳುವುದು ಇದಕ್ಕಾಗಿಯೇ. ಮದುವೆಮನೆಯಲ್ಲಿ ಹಾಗೆ ಸುಮ್ಮನಿರಿಸಲು ಯಾರಿಂದಾದೀತು ಎಂಬುದು ಬೇರೆ ಮಾತು!

ಇನ್ನು ಮಿಶ್ರಣ. ಮಾತಿನ ಬಲವೆಲ್ಲ ಹೆಚ್ಚಾಗಿ ಸ್ವರಗಳಲ್ಲಿದೆ. ಅರ್ಥವನ್ನು ಬೇರ್ಪಡಿಸಿ ತಿಳಿಸುವ ವ್ಯಂಜನಗಳು ಬಲಹೀನವಾದವು. ಅವುಗಳ ಗುರುತು ಬಹುಮಟ್ಟಿಗೆ 2000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳಲ್ಲಿದೆ. ಶಹನಾಯಿಯ ತೀಕ್ಷ್ಣ ನಾದ ಅಲ್ಲಿಗೂ ಚಾಚುತ್ತದೆ. ಹೀಗಾಗಿ ಧ್ವನಿ ಕೇಳಿಸಿದರೂ ಪದ ತಿಳಿಯುವುದಿಲ್ಲ. ಮಾತಿರುವಲ್ಲಿ ಸಂಗೀತವನ್ನು ಸುಮಾರು 15ರಿಂದ 20 ಡೆಸಿಬೆಲ್ ತಗ್ಗಿಸುವುದು ವಾಡಿಕೆ. ಮಾತನ್ನೇ ಎತ್ತರಿಸುತ್ತ ಹೋದರೆ ಡಿಜಿಟಲ್ ಮಾಪಕದ 0 ಡೆಸಿಬೆಲ್ ಎಂಬ ಗಡಿಯನ್ನು ಮುಟ್ಟಿ ಧ್ವನಿಯ ಶಿಖರಗಳು ಕತ್ತರಿಸಿ ಹೋಗುತ್ತವೆ, ಒರಟು ಕರಕರ ಉಳಿಯುತ್ತದೆ.

ನಮ್ಮ ಹುಡುಗನಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಆದರೆ ನೂರು ಸಲ ಕೇಳಿ ಅತ್ತೆಯವರ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಕಿವಿಗೆ ಬೀಳದ ಪದವನ್ನೂ ನೆನಪೇ ಒದಗಿಸುತ್ತಿತ್ತು. ಜೊತೆಗೆ ಕಿವಿಯಲ್ಲಿ ಉತ್ತಮ ಹೆಡ್‌ಫೋನು. ಒಮ್ಮೆಯೂ ಆ ಮಾತನ್ನು ಕೇಳಿರದ ಒಬ್ಬರನ್ನು ಟಿ.ವಿ.ಯ ಮುಂದೆ ಕೂರಿಸಿ ಕೇಳಿಸಿದ್ದರೆ ಐದು ನಿಮಿಷದಲ್ಲಿ ತಪ್ಪು ಹೊರಬೀಳುತ್ತಿತ್ತು.

ಬೆರೆಸಿ ಮುಗಿಸಿದ ಧ್ವನಿಯಿಂದ ಸಂಗೀತವನ್ನು ಬೇರ್ಪಡಿಸುವ ತಂತ್ರಾಂಶಗಳು ಈಗ ಬಂದಿವೆ. ಅವನು ಪ್ರಯತ್ನಿಸಿದನು, ಅತ್ತೆಯವರ ಕಂಠ ನೀರಿನೊಳಗಿಂದ ಬಂದಂತಾಯಿತು. ಕೊನೆಗೆ ಹಳೆಯ ಮೊಬೈಲೊಂದರಲ್ಲಿ ಮೂಲ ಚಿತ್ರಿಕೆಯೇ ದೊರೆಯಿತು. ಶಹನಾಯಿಯನ್ನು ಮೊದಲಿಗೂ ಕೊನೆಗೂ ಮಾತ್ರ ಇಟ್ಟು, ಫ್ಯಾನಿನ ಸದ್ದನ್ನು ತುಸುವೇ ತಗ್ಗಿಸಿ, ಹೊಸದಾಗಿ ಸಿದ್ಧಪಡಿಸಿದನು. ಮಾತಿನ ನಡುವೆ ಅಡುಗೆಮನೆಯ ಕುಕ್ಕರ್ ಕೂಗುತ್ತದೆ. ಅತ್ತೆಯವರು ಕಥೆಯನ್ನು ನಿಲ್ಲಿಸಿ, "ಎಷ್ಟ ಸೀಟಿ ಹೊಡೀತವ್ವಾ?" ಎಂದು ಒಳಗಿನವರನ್ನು ಕೇಳುತ್ತಾರೆ. ಮೊದಲ ಸಲ ಅವನು ಅದನ್ನು ಕತ್ತರಿಸಿದ್ದನು. ಈ ಸಲ ಉಳಿಸಿದ್ದಾನೆ.