ಕೊನೆಯ ಬೆಂಚಿನ ಮೌನ

ಪ್ರಥಮ ಪಿ.ಯು.ಸಿ. ವಿಜ್ಞಾನದ ತರಗತಿಗೆ ಹಳ್ಳಿಯ ಶಾಲೆಯಿಂದ ಹುಡುಗನೊಬ್ಬ ಬಂದು ಸೇರಿದ್ದ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮ, ಅಂಕಗಳಿಗೇನೂ ಕೊರತೆಯಿರಲಿಲ್ಲ. ಇಲ್ಲಿಯಾದರೋ ವಿಜ್ಞಾನದ ಪಾಠವೆಲ್ಲ ಇಂಗ್ಲಿಷಿನಲ್ಲಿ. ತಿಂಗಳು ತುಂಬುವಷ್ಟರಲ್ಲಿ ಅವನು ಕೊನೆಯ ಬೆಂಚು ಸೇರಿ ಮೂಕನಾದ. ಅಧ್ಯಾಪಕರ ಕೊಠಡಿಯಲ್ಲಿ ಅವನಿಗೆ ‘ದಡ್ಡ’ನೆಂಬ ಬಿರುದೂ ದೊರೆಯಿತು.

ಒಂದು ಸಂಜೆ, ವಿಜ್ಞಾನ ಬಿಟ್ಟುಬಿಡುವುದಾಗಿ ಹೇಳಲು ನನ್ನಲ್ಲಿಗೆ ಬಂದ.

“ಏನಪ್ಪ, ಯಾವುದು ತಿಳಿಯುತ್ತಿಲ್ಲ?” ಎಂದೆ.

“ಈ ಫೋಟೋಸಿಂಥೆಸಿಸ್ ಸಾರ್” ಎಂದು ಪುಸ್ತಕ ತೆರೆದ.

ಕನ್ನಡದ ಮೇಷ್ಟರಾದ ನನಗೆ ಗೊತ್ತಿದ್ದುದು ಆ ಪದದ ಕನ್ನಡವಷ್ಟೆ. “ದ್ಯುತಿಸಂಶ್ಲೇಷಣೆ” ಎಂದೆ.

“ಅಯ್ಯೋ, ಅದೇನಾ ಸಾರ್!” ಎಂದವನೇ ಎಲೆ, ನೀರು, ಗಾಳಿ, ಬಿಸಿಲುಗಳ ವ್ಯಾಪಾರವನ್ನೆಲ್ಲ ನನಗೇ ಪಾಠ ಹೇಳಿಬಿಟ್ಟ. ಅವನಿಗೆ ವಿಷಯ ತಿಳಿಯದೆ ಇರಲಿಲ್ಲ. ತಿಳಿದ ವಿಷಯದ ಹೊಸ ಹೆಸರು ತಿಳಿದಿರಲಿಲ್ಲ.

ಈ ಸಂಕಟ ನಮ್ಮ ನಾಡಿನದಷ್ಟೇ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲೆಗಳಲ್ಲಿ 1970ರ ಸುಮಾರಿಗೆ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳು 2,856 ಮಂದಿ ಇದ್ದರು. ಅವರಲ್ಲಿ ಸುಮಾರು 1,800 ಮಂದಿಗೆ ಯಾವ ವಿಶೇಷ ನೆರವೂ ಇರಲಿಲ್ಲ. ಎಲ್ಲರಿಗೂ ಅದೇ ಶಾಲೆ, ಅದೇ ಪುಸ್ತಕ, ಅದೇ ಉಪಾಧ್ಯಾಯರು. ಇನ್ನೇನು ಬೇಕೆಂಬುದು ಆಡಳಿತದ ವಾದ. ಮಕ್ಕಳ ಕಡೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ‘ಲಾ ವಿರುದ್ಧ ನಿಕೋಲ್ಸ್’ ಎಂಬ ಆ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತಿತು. ಪಾಠವೇ ಅರ್ಥವಾಗದ ಮಗುವಿಗೆ ಒಂದೇ ಬಗೆಯ ಪುಸ್ತಕ ಕೊಟ್ಟೊಡನೆ ಸಮಾನತೆ ಬರುವುದಿಲ್ಲವೆಂಬುದು ನ್ಯಾಯಮೂರ್ತಿ ಡಗ್ಲಸ್ ಬರೆದ ತೀರ್ಪಿನ ತಿರುಳು.

ಹಾಗಾದರೆ ಉಪಾಧ್ಯಾಯರು ಮಾಡಬೇಕಾದುದೇನು? ಮೊದಲನೆಯದಾಗಿ, ಮೌನವನ್ನು ಸಹಿಸಬೇಕು. ಹೊಸ ಭಾಷೆಯಲ್ಲಿ ಕಿವಿ ಮುಂದೆ, ನಾಲಗೆ ಹಿಂದೆ. ಮೊದಲು ಚಿತ್ರ ತೋರಿಸಿ ಬೆರಳಿಟ್ಟು ಹೇಳಿಸಬಹುದು. ಬಳಿಕ ಒಂದು ಪದದ ಉತ್ತರ, ಆಮೇಲೆ ಪೂರ್ಣ ವಾಕ್ಯ. ಪಾಠದ ಮುಖ್ಯ ಪದಗಳನ್ನು ಕರಿಹಲಗೆಯ ಮೇಲೆ ಬರೆದಿಡಬೇಕು. ಪ್ರಶ್ನೆ ಕೇಳಿದ ಮೇಲೆ ತುಸು ಕಾಯಬೇಕು. ಎರಡು ಭಾಷೆಯನ್ನೂ ಬಲ್ಲ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಬೇಕು. ಉಚ್ಚಾರಣೆ ತಪ್ಪಿದಾಗ ತರಗತಿ ನಗದಂತೆ ನೋಡಿಕೊಳ್ಳಬೇಕು. ಒಂದು ನಗೆ ಒಂದು ವರ್ಷದ ಮಾತನ್ನು ನುಂಗಬಲ್ಲದು.

ಕಾಲವೂ ಬೇಕು. ಆಟದ ಬಯಲಿನ ಇಂಗ್ಲಿಷ್ ಸುಮಾರು 2 ವರ್ಷಗಳಲ್ಲಿ ಕೈಗೂಡಿದರೂ, ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷಗಳಾದರೂ ಹಿಡಿಯಬಹುದೆಂದು ಕೆನಡಾದಲ್ಲಿ ಈ ವಿಷಯವನ್ನು ಅಭ್ಯಸಿಸಿದ ಜಿಮ್ ಕಮ್ಮಿನ್ಸ್ ತೋರಿಸಿದ್ದಾರೆ. ಪಿ.ಯು.ಸಿ.ಯ ಹುಡುಗನಿಗೆ ಇರುವುದೇ 2 ವರ್ಷ! ಆದುದರಿಂದಲೇ ಅವನಿಗೆ ತಾಯ್ನುಡಿಯ ಊರುಗೋಲು ಅವಶ್ಯ. ತಂದೆತಾಯಿಗಳು ಇಂಗ್ಲಿಷ್ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸುವುದು ಏಣಿಯ ಕೆಳಗಿನ ಮೆಟ್ಟಿಲನ್ನು ಕಿತ್ತಂತೆ.

ನಮ್ಮ ಹುಡುಗ ವಿಜ್ಞಾನವನ್ನು ಬಿಡಲಿಲ್ಲ. ಒಂದು ನೋಟುಪುಸ್ತಕದ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ಆಕ್ಸಿಲರೇಷನ್’, ಬಲಕ್ಕೆ ‘ವೇಗೋತ್ಕರ್ಷ’ ಎಂದು ಬರೆಯತೊಡಗಿದ. ಪರೀಕ್ಷೆ ಹತ್ತಿರವಾದಾಗ ಆ ಪುಸ್ತಕವನ್ನು ಎರವಲು ಕೇಳಿದವರು, ಬಾಲ್ಯದಿಂದ ಇಂಗ್ಲಿಷಿನಲ್ಲೇ ಓದಿದ ಮೊದಲ ಬೆಂಚಿನವರು. ಪದ ಅವರಿಗೆ ಬಾಯಿಪಾಠವಾಗಿತ್ತು; ಅರ್ಥ ಇವನಲ್ಲಿತ್ತು.