ಹಳೆಯ ಪಿಕಪ್ಪಿನ ಬಾಡಿಗೆ ಯಾವ ಮರ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಕೆಲವು ತೋಟಗಳಲ್ಲಿ ಹಳೆಯ ಪಿಕಪ್, ಮೆಟಡೋರ್, ಜೀಪಿನ ಟ್ರೈಲರುಗಳು ಇನ್ನೂ ದುಡಿಯುತ್ತಿವೆ. ಎಂಜಿನ್ ಗಟ್ಟಿಯಿದ್ದರೂ ಬಾಡಿಯ ತಳದ ಹಲಗೆ ನಾಲ್ಕಾರು ಮಳೆಗಾಲಗಳಲ್ಲಿ ಕುಂಬಾಗುತ್ತದೆ. ಅಂತಹ ಹಲಗೆಯ ಮೇಲೆ ಆಳು ಕಾಲಿಟ್ಟರೆ ಅಪಾಯ. ನೀರು ಹೀರಿದ ಹಲಗೆಯ ಮೇಲಿಟ್ಟ ಚಾಲಿ ಚೀಲ ಬುಡದಲ್ಲಿ ಒದ್ದೆಯಾಗಿ ಬೂಷ್ಟು ಹಿಡಿದರೆ ಅಡಿಕೆಯ ದರ್ಜೆಯೇ ಇಳಿಯುತ್ತದೆ. ಆದುದರಿಂದ ಹಲಗೆ ಬದಲಿಸುವ ಮೊದಲು ಮರದ ಗುಣವನ್ನು ತಿಳಿದಿರುವುದು ಒಳಿತು.

ಮರಗಳ ಗುಣ

ತೇಗ: ಹಿಗ್ಗುವುದು, ಕುಗ್ಗುವುದು ಕಡಿಮೆ; ಒರಲೆಯೂ ಸುಲಭವಾಗಿ ಹಿಡಿಯದು. ಬೆಲೆಯೊಂದೇ ತೊಡಕು.

ಹೆಬ್ಬಲಸು: ಪಶ್ಚಿಮ ಕರಾವಳಿಯ ದೋಣಿಗಳಿಗೆ ಹಿಂದಿನಿಂದಲೂ ಬಳಕೆಯಾದ ಮರ. ತೇಗಕ್ಕಿಂತ ತುಸು ಹಗುರ, ನೀರಿಗೆ ಬಾಳಿಕೆ ಬರುತ್ತದೆ. ತಳದ ಹಲಗೆಗೆ ಉತ್ತಮ.

ಹಲಸು: ಹಳದಿ ಚೇಗು ಬಾಳುತ್ತದೆ. ಹೊರಗಿನ ಬಿಳಿಭಾಗವನ್ನು ಕುಟ್ಟೆ ತಿನ್ನುವುದರಿಂದ ಅದನ್ನು ಪೂರ್ತಿ ತೆಗೆಸಬೇಕು.

ಬೋಗಿ, ಮತ್ತಿ: ಬಹಳ ಗಟ್ಟಿ, ಬಹಳ ಭಾರ. ಹಲಗೆಯ ಅಡಿಯ ಅಡ್ಡತೊಲೆಗಳಿಗೆ ಸೂಕ್ತ. ಮತ್ತಿಯನ್ನು ಬಿಸಿಲಿನಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ.

ಹೊನ್ನೆ: ಒಳ್ಳೆಯ ಮರವೇ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಹೊನ್ನೆ ಲೋಟದಲ್ಲಿಟ್ಟ ನೀರು ಬಣ್ಣ ತಿರುಗುವುದನ್ನು ಎಲ್ಲರೂ ಬಲ್ಲರು. ಅಡಿಕೆ ಚೀಲ ತಾಗುವ ಕಡೆ ಇದು ಬೇಡ.

ಮಾವು, ರಬ್ಬರ್, ಸಿಲ್ವರ್ ಓಕ್: ಔಷಧೋಪಚಾರವಿಲ್ಲದೆ ನಮ್ಮ ಮಳೆಗೆ ನಿಲ್ಲವು.

ಭಾರದ ಲೆಕ್ಕ

ಏಳು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ತಳಕ್ಕೆ ಒಂದು ಇಂಚಿನ ಹಲಗೆ ಸುಮಾರು 2.6 ಘನ ಅಡಿ ಬೇಕು. ಒಣಗಿದ ಹೆಬ್ಬಲಸಿನಲ್ಲಿ ಇದು ಸುಮಾರು 45 ಕಿಲೋ, ತೇಗದಲ್ಲಿ 48, ಬೋಗಿಯಲ್ಲಿ 70 ಕಿಲೋ ತೂಗುತ್ತದೆ. ಬೋಗಿ ಹಾಕಿಸಿದರೆ ಸುಮಾರು 25 ಕಿಲೋ ಹೆಚ್ಚುವರಿ ಭಾರವನ್ನು ಗಾಡಿ ದಿನವೂ ಹೊರಬೇಕು. ಕೊಲ್ಲೂರು, ಹೊಸಂಗಡಿ ಘಾಟಿ ಹತ್ತುವವರು ಇದನ್ನು ಗಮನಿಸಬೇಕು.

ಒಣಗಿಸುವ ಕ್ರಮ

ಜಾತಿಯಷ್ಟೇ ಮುಖ್ಯವಾದುದು ಒಣಗಿಸುವಿಕೆ. ಹಸಿ ತೇಗಕ್ಕಿಂತ ಚೆನ್ನಾಗಿ ಒಣಗಿದ ಹಲಸಿನ ಚೇಗು ಮೇಲು. ದೀಪಾವಳಿ ಕಳೆದ ಮೇಲೆ ಮಿಲ್ಲಿನಲ್ಲಿ ಕೊಯ್ಯಿಸಿ, ಹಲಗೆಗಳ ತುದಿಗೆ ಸೆಗಣಿ ಅಥವಾ ಡಾಂಬರು ಬಳಿದು, ನೆಲದಿಂದ ಒಂದಡಿ ಎತ್ತರದಲ್ಲಿ ನೆರಳಿನಲ್ಲಿ ಅಟ್ಟಿ ಹಾಕಿ. ಹಲಗೆಗಳ ನಡುವೆ ಗಾಳಿಯಾಡಲು ರೀಪಿನ ತುಂಡು ಇಡಬೇಕು. ವಾರಕ್ಕೊಮ್ಮೆ ಒಂದು ಹಲಗೆಯನ್ನು ತೂಗಿ ನೋಡಿ. ತೂಕ ಇಳಿಯುವುದು ನಿಂತರೆ ಮರ ಕೆಲಸಕ್ಕೆ ಸಿದ್ಧ.

ಜೋಡಿಸುವಾಗ

1. ಬೇಸಿಗೆಯಲ್ಲಿ ಜೋಡಿಸಿದ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ. ಎರಡು ಹಲಗೆಗಳ ನಡುವೆ ಸುಮಾರು 3 ಮಿಲಿಮೀಟರ್ ಸಂದು ಬಿಡಿ. ನೀರು ಇಳಿಯಲೂ ಅದೇ ದಾರಿ.

2. ಮೊಳೆಯ ಬದಲು ಸತುವಿನ ಲೇಪದ ಬೋಲ್ಟು ಹಾಕಿಸಿ. ಉಪ್ಪುಗಾಳಿಗೆ ಬರಿಯ ಕಬ್ಬಿಣ ಬೇಗ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

3. ಜೋಡಿಸುವ ಮೊದಲೇ ಹಲಗೆಯ ಅಡಿಭಾಗಕ್ಕೂ ತುದಿಗಳಿಗೂ ಅಗಸೆ ಎಣ್ಣೆಯನ್ನು ಎರಡು ಸಲ ಹಚ್ಚಿ. ದೋಣಿಗೆ ಬಳಿಯುವ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಇಲ್ಲಿ ಬೇಡ. ಅಡಿಕೆಗೆ ವಾಸನೆ ಹಿಡಿಯುತ್ತದೆ.

4. ಹಲಗೆಯ ಮೇಲೆ ಅಡಿಕೆ ದಬ್ಬೆಗಳನ್ನು ಬಿಡಿಬಿಡಿಯಾಗಿ ಹಾಸಿ ಚೀಲ ಇಡಿ. ಚೀಲದ ಅಡಿ ಗಾಳಿಯಾಡುತ್ತದೆ. ಸವೆದ ದಬ್ಬೆಯನ್ನು ತೋಟದಲ್ಲೇ ಬದಲಿಸಬಹುದು.

5. ಬಾಡಿಯ ಮೂಲ ಅಳತೆಯನ್ನು ಹೆಚ್ಚಿಸಬೇಡಿ. ಅದು ನೋಂದಣಿ ಪತ್ರದ ವಿವರಕ್ಕೆ ಹೊಂದಿರಬೇಕು.

ಅನುಮತಿಯ ವಿಷಯ

ಸ್ವಂತ ತೋಟದ ಮರವನ್ನು ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕು. ಕುಮ್ಕಿ ಜಾಗದ ಮರವನ್ನು ಸ್ವಂತದ್ದೆಂದು ಭಾವಿಸಬಾರದು. ಕೊಡಲಿ ಹಾಕುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಮಿಲ್ಲಿನಿಂದ ಕೊಂಡವರು ರಶೀದಿಯನ್ನು ಜೋಪಾನವಾಗಿಡಿ.

ಒಟ್ಟಿನಲ್ಲಿ, ತಳಕ್ಕೆ ಹೆಬ್ಬಲಸು ಅಥವಾ ಹಲಸಿನ ಚೇಗು, ಅಡ್ಡತೊಲೆಗೆ ಬೋಗಿ: ಸಣ್ಣ ಬೆಳೆಗಾರರ ಕೈಗೆಟಕುವ ಜೋಡಿ ಇದು. ಈ ಮಳೆಗಾಲ ಮುಗಿದೊಡನೆ ಮರ ಕೊಯ್ಯಿಸಿದರೆ ಬರುವ ಮಳೆಗೆ ಗಾಡಿ ಸಿದ್ಧವಾಗುತ್ತದೆ.